ಲಕೋಟೆ ಇಲ್ಲದ ಹೆಸರು

ಮೈದಾ ಗೋಂದು ತಳ ಹಿಡಿಯದ ಹಾಗೆ ಉಮಾವತಿ ಸೌಟು ತಿರುಗಿಸುತ್ತಲೇ ಇದ್ದಾರೆ. ಬೆಳಗಿನ ಐದು ಮುಕ್ಕಾಲು. ಹೊರಗೆ ಆಟಿ ತಿಂಗಳ ಮಳೆ ಸುರಿಯುತ್ತಿದೆ. ಕದ್ರಿ ಗುಡ್ಡದ ಬುಡದ ಈ ಹಳೆ ಕಟ್ಟಡದ ಹಿಂಬದಿಯ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಒಂದೇ ಬೆಚ್ಚಗಿದೆ. ಗೋಂದು ಮಂದವಾಗುತ್ತಿದ್ದಂತೆ ಅವರು ಒಂದು ಚಿಟಿಕೆ ಮೈಲುತುತ್ತು ಹಾಕುತ್ತಾರೆ.

"ಇದು ಹಾಕದಿದ್ರೆ ಜಿರಳೆ ಬಂದು ವಿಳಾಸ ತಿಂದು ಹಾಕ್ತದೆ. ಜಿರಳೆಗೆ ಎಂತ ಗೊತ್ತು, ಯಾರು ಪ್ರೊಫೆಸರ್, ಯಾರು ಅಲ್ಲ ಅಂತ?"

ಸ್ಟವ್ ಆರಿಸಿ ಅವರು ನೆಲಕ್ಕೆ ಕೂರುತ್ತಾರೆ. ಎಡಗಡೆ ಲಕೋಟೆಗಳ ರಾಶಿ, ಬಲಗಡೆ ವಿಳಾಸದ ಚೀಟಿಗಳು. ಚೀಟಿಯ ಬೆನ್ನಿಗೆ ಗೋಂದು ಸವರಿ, ಲಕೋಟೆಗೆ ಹಚ್ಚಿ, ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, ಆ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಒಂದು ಹೆಸರು, ಒಂದು ಲಕೋಟೆ. ಇನ್ನೊಂದು ಹೆಸರು, ಇನ್ನೊಂದು ಲಕೋಟೆ. ಪೇಪರಿಗೆ ಅವರ ಬಗ್ಗೆ ಬರೆಯಲು ಬಂದ ನನ್ನನ್ನು ಬಿಟ್ಟರೆ ಯಾರೂ ಇಲ್ಲದ ಕೋಣೆಯಲ್ಲಿ ಹೆಸರುಗಳು ಗೋಡೆಗೆ ತಾಗಿ ಮರಳುತ್ತವೆ. ಕಾವೂರಿನ ಹೆಸರುಗಳು ಮುಗಿಯುವಲ್ಲಿ ಅವರು ಒಂದು ಗಳಿಗೆ ನಿಲ್ಲುತ್ತಾರೆ. ಕೈ ಖಾಲಿ ಇದೆ. ಚೀಟಿಯೂ ಇಲ್ಲ, ಲಕೋಟೆಯೂ ಇಲ್ಲ. ಆದರೂ ಕೂಗುತ್ತಾರೆ.

"ನೋಣಯ್ಯ."

ಮಳೆಯ ಸದ್ದು ಮಾತ್ರ ಕೇಳುತ್ತದೆ. ಉಮಾವತಿ ಮುಂದಿನ ಚೀಟಿ ಎತ್ತಿಕೊಳ್ಳುತ್ತಾರೆ.

ಅರುವತ್ತು ವರ್ಷದ ಉಮಾವತಿ ಕರಾವಳಿ ಚರಿತ್ರೆ ಬಳಗದ ಕಚೇರಿ ಸಹಾಯಕಿ. ಬಳಗ ಅಂದರೆ ನಮ್ಮ ಸುತ್ತಿನ ಇತಿಹಾಸಕಾರರ ಸಂಘ. ಅದರಲ್ಲಿ ಕಾಲೇಜಿನ ಅಧ್ಯಾಪಕರು ಇದ್ದಾರೆ, ಪಾದ್ರಿಗಳು ಇದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರು ಇದ್ದಾರೆ, ಒಬ್ಬ ಬಸ್ ಕಂಡಕ್ಟರ್ ಕೂಡ ಇದ್ದಾರೆ. ಎಲ್ಲಿ ಹೊಸ ಶಾಸನದ ಕಲ್ಲು ಸಿಕ್ಕಿತು, ಯಾರು ಎಲ್ಲಿ ಭಾಷಣ ಮಾಡಿದರು, ಯಾರ ಪುಸ್ತಕ ಬಂತು, ಯಾರಿಗೆ ಮೊಣಕಾಲು ನೋವು ಎಂಬುದನ್ನೆಲ್ಲ ಎಂಟು ಪುಟದ ಸಮಾಚಾರ ಪತ್ರಿಕೆಯಲ್ಲಿ ಅಚ್ಚು ಮಾಡಿ ತಿಂಗಳಿಗೊಮ್ಮೆ ಅಂಚೆಗೆ ಹಾಕುತ್ತಾರೆ. ಹಾಕುತ್ತಾರೆ ಎಂದರೆ ಉಮಾವತಿ ಹಾಕುತ್ತಾರೆ. ನಾನೂರ ಹನ್ನೆರಡು ಪ್ರತಿ ಮಡಚುವುದು, ಚೀಟಿ ಹಚ್ಚುವುದು, ಊರೂರಿನ ಕಟ್ಟು ಕಟ್ಟುವುದು, ಚೀಲ ಹೊತ್ತು ಅಂಚೆ ಕಚೇರಿಗೆ ಹೋಗುವುದು, ಎಲ್ಲ ಅವರೇ. ಮೂವತ್ತನಾಲ್ಕು ವರ್ಷ ಆಯಿತು. ಬಳಗದ ಯಾವ ಫೋಟೋದಲ್ಲೂ ಅವರಿಲ್ಲ. ಫೋಟೋ ತೆಗೆಯುವಾಗ ಅವರು ಚಹಾ ಸೋಸುತ್ತಿರುತ್ತಾರೆ.

ಮೊದಲು ಬೀಡಿ ಕಟ್ಟುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮದುವೆಯಾಗಿ ಆರು ವರ್ಷಕ್ಕೆ ಗಂಡ ದೋಣಿಯಿಂದ ಬಿದ್ದು ಹೋದರು. ಶವ ಮೂರನೇ ದಿನ ಸಿಕ್ಕಿತು. ಎರಡು ಸಣ್ಣ ಹೆಣ್ಣುಮಕ್ಕಳು. "ಎಲೆ ಸುತ್ತುವ ಬೆರಳಿಗೆ ಕಾಗದ ಮಡಚುವುದು ಕಷ್ಟ ಅಲ್ಲ. ಹಾಗೆ ಇಲ್ಲಿ ತಗೊಂಡ್ರು. ನಾನು ಕಲ್ಲಿನ ಅಕ್ಷರ ಓದ್ಲಿಕ್ಕೆ ಕಲಿಯಲಿಲ್ಲ. ವಿಳಾಸ ಓದಿ ಓದಿಯೇ ಮುದುಕಿ ಆದೆ."

ಈ ಬಳಗಕ್ಕೆ ಒಂದು ಪದ್ಧತಿ ಉಂಟು. ಸದಸ್ಯರು ತೀರಿಕೊಂಡರೆ ಪತ್ರಿಕೆಯ ನಾಲ್ಕನೇ ಪುಟದಲ್ಲಿ ಕಪ್ಪು ಚೌಕಟ್ಟು ಹಾಕಿ ನಾಲ್ಕು ಸಾಲು ಅಚ್ಚು ಮಾಡುತ್ತಾರೆ. ಆ ಸಂಚಿಕೆಯ ಒಂದು ಪ್ರತಿ ತೀರಿಕೊಂಡವರ ಹೆಸರಿಗೇ, ಅವರ ವಿಳಾಸಕ್ಕೇ ಹೋಗಬೇಕು. ಮನೆಯವರ ಹೆಸರಿಗಲ್ಲ. ಅದು ಕೊನೆಯ ಪ್ರತಿ. ಅದಾದ ಮೇಲೆ ಹೆಸರು ಪಟ್ಟಿಯಿಂದ ಹೊರಗೆ. ಯಾರು ಯಾವಾಗ ಶುರು ಮಾಡಿದರೋ ಗೊತ್ತಿಲ್ಲ. ಇತಿಹಾಸ ಬರೆಯುವವರೇ ಆದರೂ ತಮ್ಮ ಈ ಪದ್ಧತಿಯ ಇತಿಹಾಸ ಯಾರೂ ಬರೆದಿಟ್ಟಿಲ್ಲ. ಉಮಾವತಿ ಇದುವರೆಗೆ ನೂರ ತೊಂಬತ್ತೆರಡು ಮಂದಿಗೆ ಅವರವರ ಸಾವಿನ ಸುದ್ದಿ ಕಳಿಸಿದ್ದಾರೆ.

"ಅದರಲ್ಲಿ ಒಬ್ರು ಉತ್ತರ ಬರೆದ್ರು," ಎನ್ನುತ್ತಾರೆ.

ತಮಾಷೆ ಇರಬೇಕು ಎಂದುಕೊಂಡು ನಗುತ್ತೇನೆ. ಅವರು ನಗುವುದಿಲ್ಲ. ಎದ್ದು ಹೋಗಿ ಕಪಾಟಿನ ಕೆಳಗಿನ ಖಾನೆಯಿಂದ ಬಿಸ್ಕತ್ತಿನ ಎರಡು ತಗಡಿನ ಡಬ್ಬಿ ತಂದು ನನ್ನ ಮುಂದೆ ಇಡುತ್ತಾರೆ. ಮುಚ್ಚಳ ತೆಗೆದರೆ ಹಸಿ ಮಣ್ಣಿನ ವಾಸನೆ. ಒಳಗೆ ಪೋಸ್ಟ್ ಕಾರ್ಡುಗಳು. ಮುನ್ನೂರ ಆರು ಎಂದು ಎಣಿಸಿದ್ದಾರೆ. ಎಲ್ಲದರ ಮೇಲೂ ಬಜಪೆಯ ಮೊಹರು. ಎಲ್ಲದರ ಕೆಳಗೂ ಒಂದೇ ಸಹಿ: ದಿವಂಗತ ನೋಣಯ್ಯ.

ನಾನು ಅಕ್ಷರ ಕಲಿತದ್ದು ತಡವಾಗಿ, ರಾತ್ರಿ ಶಾಲೆಯಲ್ಲಿ. ಪೇಪರಿಗೆ ಬರೆಯುವವಳಾದರೂ ಈಗಲೂ ಒಂದೊಂದೇ ಅಕ್ಷರ ಕೂಡಿಸಿ ಓದುವವಳು. ಹಾಗಾಗಿ ಬರಹದ ವಕ್ರಗಳು ಕಣ್ಣಿಗೆ ಬೇಗ ಬೀಳುತ್ತವೆ. ಇಪ್ಪತ್ತಾರು ವರ್ಷದ ಕಾರ್ಡುಗಳು ಇವು. ಮೊದಲನೆಯದರ ಅಕ್ಷರಕ್ಕೂ ಮುನ್ನೂರ ಐದನೆಯದರ ಅಕ್ಷರಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಬರೆದವರಿಗೆ ಒಂದು ದಿನವೂ ವಯಸ್ಸಾಗಿಲ್ಲ ಎನ್ನುವ ಹಾಗೆ ಇವೆ.

ಬಜಪೆಯ ನೋಣಯ್ಯ ಕೆಂಪು ಕಲ್ಲಿನ ಕೋರೆಯಲ್ಲಿ ಕೆಲಸಕ್ಕಿದ್ದವರು. ಕಲ್ಲು ಕಡಿಯುತ್ತ, ಗುಡ್ಡ ಸುತ್ತುತ್ತ, ಎಲ್ಲಾದರೂ ಅಕ್ಷರ ಇರುವ ಕಲ್ಲು ಕಂಡರೆ ಬಳಗಕ್ಕೆ ಒಂದು ಕಾರ್ಡ್ ಬರೆಯುತ್ತಿದ್ದರು. ಸಭೆಗೆ ಒಂದು ದಿನವೂ ಬಂದವರಲ್ಲ. ಅವರ ಮುಖ ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುದ್ದಿ ತಿಳಿಸಿದ ಸದಸ್ಯರಿಗೆಲ್ಲ 'ತಲುಪಿತು' ಎಂದು ಒಂದು ಗೆರೆ ಬರೆದು ಹಾಕುವುದೂ ಉಮಾವತಿಯ ಕೆಲಸವೇ. ನೋಣಯ್ಯನವರಿಗೂ ಹಾಗೆ ಬರೆಯುತ್ತಿದ್ದರು.

೧೯೯೯ರ ಆಟಿಯಲ್ಲಿ ನೋಣಯ್ಯನವರ ಹೆಸರಿನ ಪ್ರತಿ ಅಂಚೆಯಿಂದ ವಾಪಸು ಬಂತು. ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: 'ಇವರು ತೀರಿಕೊಂಡಿದ್ದಾರೆ.' ಉಮಾವತಿ ಅದನ್ನು ಆಗಿನ ಕಾರ್ಯದರ್ಶಿಯವರ ಮೇಜಿನ ಮೇಲೆ ಇಟ್ಟರು. ಮರು ಸಂಚಿಕೆಯಲ್ಲಿ ಕಪ್ಪು ಚೌಕಟ್ಟು ಬಂತು. ಪದ್ಧತಿಯಂತೆ ಒಂದು ಪ್ರತಿ ನೋಣಯ್ಯನವರ ಹೆಸರಿಗೆ ಹೋಯಿತು. ಕಾರ್ಯದರ್ಶಿ ಮತ್ತು ಇನ್ನೊಬ್ಬ ಸದಸ್ಯರು ಹೂವಿನ ಚಕ್ರ ಹಿಡಿದುಕೊಂಡು ಬಜಪೆಗೂ ಹೋಗಿ ಬಂದರು.

ಆ ಇನ್ನೊಬ್ಬ ಸದಸ್ಯರು ಇದಿನಬ್ಬ ಮಾಸ್ಟ್ರು. ಎಪ್ಪತ್ತೆಂಟು ವರ್ಷದ ನಿವೃತ್ತ ಶಿಕ್ಷಕರು. ಏಳು ಗಂಟೆಗೆ ಕೊಡೆ ಮಡಚಿಕೊಂಡು ಅವರು ಕೋಣೆಗೆ ಬರುತ್ತಾರೆ. ದಿನವೂ ಬರುತ್ತಾರಂತೆ, ಬಿಟ್ಟಿ ಪೇಪರ್ ಓದಲಿಕ್ಕೆ. ಡಬ್ಬಿ ಹೊರಗೆ ಇರುವುದು ನೋಡಿ ಟೊಪ್ಪಿ ಸರಿ ಮಾಡಿಕೊಳ್ಳುತ್ತಾರೆ.

"ಹೇಳಿದೆಯಾ ಇವರಿಗೆ?"

"ಪೇಪರಿಗೆ ಬರೆಯುವವರು ಮಾಸ್ಟ್ರೇ. ಅರ್ಧ ಹೇಳಿದ್ರೆ ಪೂರ್ತಿ ಅವರೇ ಕಟ್ಟಿಯಾರು."

ಇದಿನಬ್ಬ ಮಾಸ್ಟ್ರು ಕುರ್ಚಿ ಎಳೆದುಕೊಂಡು ತಮ್ಮ ಭಾಗ ಹೇಳುತ್ತಾರೆ. "ನಾವು ಹೋದೆವು. ಗುಡ್ಡದ ಮೇಲೆ ಒಂಟಿ ಮನೆ. ಜಗಲಿಯಲ್ಲಿ ಒಬ್ಬ ಉಳಿ ಮಸೆಯುತ್ತ ಕೂತಿದ್ದ. ಅಣ್ಣನೋ ತಮ್ಮನೋ ಇರಬೇಕು ಅಂತ ನಾವು. ಬೆಲ್ಲ, ನೀರು ತಂದು ಕೊಟ್ಟ. ನೋಣಯ್ಯನವರು ಬಹಳ ದೊಡ್ಡ ಮನುಷ್ಯ, ಬಳಗಕ್ಕೆ ತುಂಬಲಾರದ ನಷ್ಟ ಅಂತ ನಮ್ಮ ಕಾರ್ಯದರ್ಶಿ ಕಾಲು ಗಂಟೆ ಮಾತಾಡಿದ್ರು. ಅವ ತಲೆ ತಗ್ಗಿಸಿ ಕೇಳಿದ. ಕಡೆಗೆ ಎಂತ ಹೇಳಿದ ಗೊತ್ತುಂಟಾ? 'ಅಷ್ಟೆಲ್ಲ ದೊಡ್ಡವ ಅಂತ ನನಗೆ ಗೊತ್ತಿರಲಿಲ್ಲ.' ನಾವು ಹೂವಿನ ಚಕ್ರವನ್ನು ಜಗಲಿಗೆ ಒರಗಿಸಿ ಬಂದೆವು. ಅವ ಅಂಗಳದ ಬೇಲಿಯ ದಣಪೆಯವರೆಗೆ ಬಂದು ಬೀಳ್ಕೊಟ್ಟ ಮಾರಾಯ್ರೆ!"

ಹದಿನೈದು ದಿನಕ್ಕೆ ಆ ಸಹಿಯ ಮೊದಲನೆಯ ಕಾರ್ಡ್ ಬಂತು. ಉಮಾವತಿ ಅದನ್ನು ಓದುವುದಿಲ್ಲ, ಬಾಯಿಪಾಠ ಹೇಳುತ್ತಾರೆ: "'ನಿಮ್ಮವರು ಬಂದು ಹೂ ಇಟ್ಟು ಹೋದರು. ಅಷ್ಟು ಹೂ ನನಗೆ ಯಾರೂ ತಂದಿರಲಿಲ್ಲ. ಹಾಗಾಗಿ ಅವರಿಗೆ ಏನೂ ಹೇಳಲಿಲ್ಲ. ತೆಂಕು ಗುಡ್ಡದ ಬಾವಿಯ ಬಳಿ ಒಂದು ಕಲ್ಲು ಉಂಟು, ಆರು ಗೆರೆ ಅಕ್ಷರ. ಪತ್ರ ತಲುಪಿದ್ದಕ್ಕೆ ಒಂದು ಗೆರೆ ಬರೆಯಿರಿ. ದಿವಂಗತ ನೋಣಯ್ಯ.'"

ಅದನ್ನು ಓದಿದ ದಿನವೇ ಅವರು ವಾಪಸು ಬಂದ ಲಕೋಟೆಗಳ ಕಟ್ಟು ಬಿಚ್ಚಿ, ಪೆನ್ಸಿಲಿನಲ್ಲಿ ಬರೆದಿದ್ದ ಆ ಲಕೋಟೆಯನ್ನು ಹುಡುಕಿ ನೀರಿನ ಬೋಗುಣಿಗೆ ಹಾಕಿದರು. ಹಳೆ ಲಕೋಟೆ ಮಗುಚಿ ಪುನಃ ಬಳಸುವುದಕ್ಕಾಗಿ ಹಾಗೆ ನೆನೆಸುವುದು ಅವರಿಗೆ ರೂಢಿ. ಸ್ವಲ್ಪ ಹೊತ್ತಿಗೆ ನೋಣಯ್ಯನವರ ಚೀಟಿ ಬಿಟ್ಟುಕೊಂಡು ನೀರಿನ ಮೇಲೆ ತೇಲಿತು. ಅದರ ಅಡಿಯಲ್ಲಿ, ಲಕೋಟೆಗೆ ಗಟ್ಟಿಯಾಗಿ ಅಂಟಿಕೊಂಡು, ಇನ್ನೊಂದು ಚೀಟಿ ಇತ್ತು. ಕಾವೂರಿನ ಸುಂದರ ಶೆಟ್ಟರದ್ದು.

"ಪಟ್ಟಿಯಲ್ಲಿ ಕಾವೂರಿನ ಕೊನೆಯ ಹೆಸರು ಶೆಟ್ಟರದ್ದು. ಅದರ ನಂತರ ಬಜಪೆಯದ್ದು ನೋಣಯ್ಯ ಒಬ್ರದ್ದೇ. ಆ ಬೆಳಿಗ್ಗೆ ಸಣ್ಣ ಮಗಳಿಗೆ ಜ್ವರ, ನನ್ನ ಗಮನ ಇಲ್ಲಿ ಇರಲಿಲ್ಲ. ಒಂದೇ ಲಕೋಟೆಗೆ ಎರಡು ಚೀಟಿ ಹಚ್ಚಿದ್ದೇನೆ, ಒಂದರ ಮೇಲೆ ಒಂದು. ಮಳೆಗೆ ಮೇಲಿನದು ಎದ್ದು ನೇತಾಡಿರಬೇಕು. ಪೋಸ್ಟಿನವರು ಕೆಳಗಿನದು ನೋಡಿ ಶೆಟ್ಟರ ಮನೆಗೆ ಕೊಟ್ಟಿದ್ದಾರೆ. ತೀರಿಹೋದದ್ದು ಶೆಟ್ಟರು. ಅವರ ಮನೆಯವರು ಬರೆದು ವಾಪಸು ಕಳಿಸಿದ್ರು. ಚೀಲದಲ್ಲಿ ಒತ್ತಿ ಒತ್ತಿ ಮೇಲಿನ ಚೀಟಿ ಪುನಃ ಅಂಟಿಕೊಂಡು ಬಂತು." ಮುಂದಿನ ಚೀಟಿ ಎತ್ತಿಕೊಂಡು ಸೇರಿಸುತ್ತಾರೆ: "ಅದರ ಮೇಲೆ ಎರಡು ತಿಂಗಳು ಸತ್ತವರಿಗೆ ಪೇಪರ್ ಹೋಗ್ತಾ ಇತ್ತು. ಬದುಕಿದವರಿಗೆ ನಿಂತಿತ್ತು."

ಅಂದಿನಿಂದ ಅವರು ಪ್ರತಿ ಚೀಟಿಯನ್ನೂ ಹೆಬ್ಬೆರಳಿನಲ್ಲಿ ಉಜ್ಜಿ ದಪ್ಪ ನೋಡುತ್ತಾರೆ, ಹೆಸರು ಕೂಗುತ್ತಾರೆ. ಅಂದೇ ನೋಣಯ್ಯನವರಿಗೆ ಒಂದು ಪತ್ರವನ್ನೂ ಬರೆದರು. ಕಾರ್ಯದರ್ಶಿಯವರು ಓದಿ ಮಡಚಿ ವಾಪಸು ಕೊಟ್ಟರು. ಜೀವ ಇರುವ ಮನುಷ್ಯನನ್ನು ಸಾಯಿಸಿದವರು ಸಾವಿರ ವರ್ಷದ ಹಿಂದಿನ ತಾರೀಕು ಹೇಳಿದರೆ ಯಾರು ನಂಬುತ್ತಾರೆ, ಈಗ ಬೇಡ, ತಿದ್ದುಪಡಿ ಮುಂದಿನ ಸಂಚಿಕೆಗೆ ನೋಡುವ ಎಂದರು. ಆ ಮುಂದಿನ ಸಂಚಿಕೆ ಬರಲೇ ಇಲ್ಲ. ನಾಲ್ಕು ವರ್ಷಕ್ಕೆ ಕಾರ್ಯದರ್ಶಿಯವರೂ ಹೋದರು. ಅವರ ಹೆಸರಿಗೆ ಕೊನೆಯ ಪ್ರತಿ ಕಳಿಸಿದ್ದೂ ಉಮಾವತಿಯೇ.

"ನಾನು ಬೇಡ ಅಂದ್ರೂ ಕಳಿಸಬಹುದಿತ್ತು ಅಲ್ವಾ? ಹೆದರಿಕೆ. ಕೆಲಸ ಹೋದ್ರೆ ಮಕ್ಕಳಿಗೆ ಎಂತ? ಸುಳ್ಳು ಯಾಕೆ ಹೇಳ್ಬೇಕು, ಮೊದಲ ಹತ್ತು ವರ್ಷ ಬರೇ ಹೆದರಿಕೆ."

ಕಾರ್ಡುಗಳು ಮಾತ್ರ ನಿಲ್ಲಲಿಲ್ಲ. ತೀರಿಕೊಂಡವರಿಗೆ ಬಳಗ ಉತ್ತರ ಬರೆಯುವುದಿಲ್ಲ. ಹಾಗಾಗಿ ಉತ್ತರ ಇಲ್ಲದೆಯೇ ತಿಂಗಳು ತಿಂಗಳು ಬಂದವು. ಉಮಾವತಿ ಅದರಲ್ಲಿನ ಸುದ್ದಿಯನ್ನು ಬೇರೆ ಹಾಳೆಗೆ ಇಳಿಸಿ, ಹೆಸರು ಬಿಟ್ಟು, ಸಂಪಾದಕರ ಮೇಜಿಗೆ ಇಡುತ್ತಿದ್ದರು. ಯಾರು ತಿಳಿಸಿದ್ದು ಎಂದು ಕೇಳಿದರೆ ಹಳೆ ಕಡತದಲ್ಲಿ ಸಿಕ್ಕಿತು ಎನ್ನುತ್ತಿದ್ದರು. ಹಾಗೆ ಹದಿನೇಳು ಶಾಸನಗಳು ಬೆಳಕಿಗೆ ಬಂದಿವೆ. ಪತ್ರಿಕೆಯಲ್ಲಿ ಎಲ್ಲದರ ಕೆಳಗೂ 'ಬಳಗದ ಕಡತದಿಂದ' ಎಂದಿದೆ.

ಆಮೇಲೆ ಶುರುವಾಯಿತು ಬೇರೆಯೇ ಹೆದರಿಕೆ. ಹತ್ತು ವರ್ಷದ ಹಿಂದೆ ಉಮಾವತಿ ತಡೆಯಲಾರದೆ ಇದಿನಬ್ಬ ಮಾಸ್ಟ್ರಿಗೆ ಎಲ್ಲ ಹೇಳಿದರು. ಮಾಸ್ಟ್ರು ನಾಲ್ಕು ಕಾರ್ಡ್ ಕಿಸೆಗೆ ಹಾಕಿಕೊಂಡು ಬಜಪೆ ಕಡೆಗೆ ಹೋದರು.

"ಮನೆ ಇಲ್ಲ. ಮನೆ ಅಲ್ಲ, ಗುಡ್ಡವೇ ಇಲ್ಲ!" ಮಾಸ್ಟ್ರು ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಸವರಿ ತೋರಿಸುತ್ತಾರೆ. "ಕಡಿದು ಸಮ ಮಾಡಿ ಬಿಟ್ಟಿದ್ದಾರೆ. ಹೀಗೆ, ರೊಟ್ಟಿಯ ಹಾಗೆ. ಅಲ್ಲಿದ್ದವರು ಎಲ್ಲಿ ಹೋದ್ರು ಅಂತ ಯಾರಿಗೂ ಗೊತ್ತಿಲ್ಲ. ಕಾರ್ಡಿನಲ್ಲಿ ಇವ ಬರೆದದ್ದು ಹೇಗೆ? 'ಕಲ್ಲು ಉಂಟು', 'ಬಾವಿಯ ಬಳಿ ಉಂಟು'. ಆ ಬಾವಿ ಮುಚ್ಚಿ ಆರು ವರ್ಷ ಆಗಿತ್ತು. ಅಲ್ಲಿ ಗೋಡೌನ್ ನಿಂತಿತ್ತು. ಅದರ ಕಾವಲಿನ ಮುದುಕ ಹೇಳಿದ, ಹೌದು, ಅಕ್ಷರದ ಕಲ್ಲು ಇತ್ತು, ಈಗ ನನ್ನ ಕಾಲಡಿಯಲ್ಲಿ ಇಪ್ಪತ್ತು ಅಡಿ ಕೆಳಗೆ ಉಂಟು ಅಂತ. ನಾಲ್ಕಕ್ಕೆ ನಾಲ್ಕೂ ಕಾರ್ಡ್ ಮಣ್ಣಿನಡಿಯ ಕಲ್ಲಿನದ್ದು. ಮೂರನೇ ಗೆರೆಯಲ್ಲಿ ಬಿರುಕು ಉಂಟು, ಮೇಲೆ ಚಂದ್ರ ಸವೆದಿದ್ದಾನೆ ಅಂತೆಲ್ಲ ಬರೆದಿದ್ದಾನೆ. ಈಗ ಎದುರು ಕೂತು ನೋಡ್ತಾ ಇದ್ದ ಹಾಗೆ. ನಾನು ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಕಿಸೆಗೆ ಕೈ ಹಾಕಲಿಲ್ಲ."

ಮಾಸ್ಟ್ರು ಬಂದು ಹೇಳಿದ ಮೇಲೆ ಉಮಾವತಿ ಕಾರ್ಡುಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು. ಮಣ್ಣಿನ ವಾಸನೆ ಮೊದಲಿನಿಂದ ಇತ್ತೋ ಆಮೇಲೆ ಬಂತೋ ಈಗ ನೆನಪಿಲ್ಲ ಎನ್ನುತ್ತಾರೆ. ಪ್ರತಿ ತಿಂಗಳ ಮೊದಲ ವಾರ ಅಂಚೆಯಣ್ಣ ಬಾಗಿಲಿಗೆ ಬಂದರೆ ಕಾರ್ಡನ್ನು ಕೈಗೆ ತೆಗೆದುಕೊಳ್ಳದೆ ಮೇಜಿನ ಮೇಲೆ ಇಡಲು ಹೇಳುತ್ತಿದ್ದರು. ಉತ್ತರ ಬರೆಯುವ ಅಂದರೂ ವಿಳಾಸ ಇಲ್ಲ, 'ಬಜಪೆ' ಎಂದಷ್ಟೇ. ಪ್ರತಿ ಕಾರ್ಡಿನಲ್ಲೂ ಅದೇ ಸಾಲು: ಪತ್ರ ತಲುಪಿದ್ದಕ್ಕೆ ಒಂದು ಗೆರೆ ಬರೆಯಿರಿ. "ನಾನು ಪಟ್ಟಿಯಿಂದ ಹೆಸರು ತೆಗೆದದ್ದಕ್ಕೆ ನಿಜವಾಗಿಯೂ ಹೋಗಿಬಿಟ್ರಾ, ಹೋದವರು ಅಲ್ಲಿಂದಲೇ ಬರೀತಿದ್ದಾರಾ ಅಂತ ಅನಿಸ್ತಿತ್ತು. ಯಾರ ಹತ್ರ ಕೇಳುವುದು? ಹಾಗೆ ಬೆಳಿಗ್ಗೆ ಹೆಸರು ಮಾತ್ರ ಕರೀತಿದ್ದೆ. ಓ ಅಂದ್ರೆ ಎಂತ ಮಾಡುವುದು ಅಂತ ಹೆದರಿಕೊಂಡೇ ಕರೀತಿದ್ದೆ."

ಕಳೆದ ವಾರ ಮುನ್ನೂರ ಆರನೆಯ ಕಾರ್ಡ್ ಬಂದಿದೆ. ಡಬ್ಬಿಯಿಂದ ಅದನ್ನು ಎತ್ತಿ ನನ್ನ ಕೈಗೆ ಕೊಡುತ್ತಾರೆ. ಅಕ್ಷರ ಬೇರೆ, ದುಂಡಗೆ, ಶಾಲೆಯ ಮಕ್ಕಳದ್ದು. ಒಂದು ಕಲ್ಲಿನ ಸುದ್ದಿ, ಆ ಮಾಮೂಲು ಸಾಲು, ಆ ಮಾಮೂಲು ಸಹಿ. ಅದರ ಕೆಳಗೆ ಸಣ್ಣದಾಗಿ: 'ಅಜ್ಜನಿಗೆ ಈಗ ಕೈ ನಡುಗುತ್ತದೆ. ಅಜ್ಜ ಹೇಳಿದ್ದನ್ನು ನಾನು ಬರೆದಿದ್ದೇನೆ. ಈ ಕಲ್ಲುಗಳು ಈಗ ಇಲ್ಲ, ಆದರೂ ಉಂಟು ಅಂತಲೇ ಬರೆಯಬೇಕಂತೆ. ಹೆಸರಿನ ಮುಂದೆ ದಿವಂಗತ ಅಂತ ಹಾಕಬೇಕಂತೆ. ಯಾಕೆ ಅಂತ ಕೇಳಿದರೆ ನಗುತ್ತಾರೆ. ಡಾಕ್ಟರು ಜಾಸ್ತಿ ದಿನ ಹೇಳಲಿಲ್ಲ. ದಯವಿಟ್ಟು ಒಂದು ಗೆರೆ ಬರೆಯಿರಿ. ಅನುಷ್ಕಾ, ಎಂಟನೇ ತರಗತಿ.' ಮೂಲೆಯಲ್ಲಿ ಹೊಸ ಮನೆಯ ಪೂರ್ತಿ ವಿಳಾಸ.

ಆ ಕಾರ್ಡನ್ನು ಓದಿ ಉಮಾವತಿ ತುಂಬ ಹೊತ್ತು ಅತ್ತರಂತೆ. ಒಬ್ಬ ಮನುಷ್ಯ ಬದುಕಿದ್ದಾನೆ ಎಂದು ಅಳುವುದು ನೋಡಿ ಮಾಸ್ಟ್ರು ಚಹಾ ಮಾಡಿ ಕೊಟ್ಟರು. "ಮೂವತ್ತನಾಲ್ಕು ವರ್ಷದಲ್ಲಿ ಈ ಕೋಣೆಯಲ್ಲಿ ಒಬ್ಬ ಗಂಡಸು ನನಗೆ ಚಹಾ ಮಾಡಿದ್ದು ಅದೊಂದೇ ಸಲ," ಎಂದು ಉಮಾವತಿ ಈಗ ಕಾಲೆಳೆಯುತ್ತಾರೆ. "ಸಕ್ಕರೆ ಹಾಕ್ಲಿಕ್ಕೆ ಮರೆತಿದ್ರು."

ಒಂಬತ್ತಕ್ಕೆ ಬಳಗದ ಈಗಿನ ಕಾರ್ಯದರ್ಶಿ ರೂಬನ್ ಬರುತ್ತಾರೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವವರು, ವಯಸ್ಸು ಮೂವತ್ತೈದರ ಒಳಗೆ. ಕೈಯಲ್ಲಿ ಬಳಗದ ಐವತ್ತನೇ ವರ್ಷದ ಪುಸ್ತಕದ ಕರಡು. ಅದರ ಕೊನೆಯಲ್ಲಿ ಎರಡು ಪಟ್ಟಿ: 'ಇರುವ ಸದಸ್ಯರು', 'ಅಗಲಿದ ಸದಸ್ಯರು'. ಸೋಮವಾರ ಮುದ್ರಣಕ್ಕೆ ಹೋಗುತ್ತದೆ. ನೋಣಯ್ಯ ಎರಡನೆಯದರಲ್ಲಿ ಇದ್ದಾರೆ. ಈ ತಿಂಗಳ ನಂತರ ಸಮಾಚಾರ ಪತ್ರಿಕೆ ಅಂಚೆಗೆ ಹೋಗುವುದೂ ಇಲ್ಲ. ವಾಟ್ಸ್ಯಾಪಿನಲ್ಲಿ ಕಳಿಸುತ್ತಾರೆ. ಉಮಾವತಿ ಇಂದು ಹಚ್ಚುತ್ತಿರುವುದೇ ಕೊನೆಯ ಚೀಟಿಗಳು.

ನಮ್ಮ ಎದುರಿಗೇ ಉಮಾವತಿ ಎದ್ದು ನಿಂತು ರೂಬನ್ ಅವರಿಗೆ ಎಲ್ಲ ಹೇಳುತ್ತಾರೆ. ಕೈಯಲ್ಲಿನ ಗೋಂದು ಒಣಗುತ್ತದೆ.

"ಉಮಕ್ಕ, ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಮೊದಲ ಕಾರ್ಡ್ ಬಂದಾಗ ನೀವು ಮೂರನೇ ಕ್ಲಾಸಿನಲ್ಲಿ ಇದ್ದಿರಬೇಕು ಸರ್."

ರೂಬನ್ ನಗುವುದಿಲ್ಲ. ಒಂದೊಂದು ಕಾರ್ಡ್ ತೆಗೆದು ನೋಡುತ್ತಾರೆ. ಕೊನೆಗೆ ಕನ್ನಡಕ ತೆಗೆದು ಹೇಳುತ್ತಾರೆ, "ಅಚ್ಚಾದ ದಾಖಲೆ ಬದಲಿಸಬೇಕಾದರೆ ಆಧಾರ ಬೇಕಲ್ಲ. ಬದುಕಿದ್ದಾರೆ ಅನ್ನಲಿಕ್ಕೆ ಏನು ಆಧಾರ?"

"ಮುನ್ನೂರ ಆರು ಕಾರ್ಡ್ ಉಂಟಲ್ಲ ಮಾರಾಯ!" ಮಾಸ್ಟ್ರು ಎದ್ದೇ ಬಿಡುತ್ತಾರೆ.

"ಎಲ್ಲದರಲ್ಲೂ ಅವರೇ ದಿವಂಗತ ಅಂತ ಸಹಿ ಹಾಕಿದ್ದಾರೆ ಮಾಸ್ಟ್ರೇ."

ಉಮಾವತಿ ಗೋಂದಿನ ಕೈಯನ್ನು ಮುಂದೆ ಚಾಚುತ್ತಾರೆ. "ಸರ್, ಆಧಾರ ನಾನು. ಅವರನ್ನು ಸಾಯಿಸಿದ್ದು ಈ ಕೈ. ನನ್ನ ತಪ್ಪು ಅಂತ ನನ್ನ ಹೆಸರು ಹಾಕಿಯೇ ಅಚ್ಚು ಮಾಡಿ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಹೆಸರು ಒಮ್ಮೆ ಬರಲಿ."

ರೂಬನ್ ಕರಡು ಬಿಚ್ಚುತ್ತಾರೆ. ಕೆಂಪು ಪೆನ್ನಿನಿಂದ ಎರಡನೇ ಪಟ್ಟಿಯ ಒಂದು ಹೆಸರಿನ ಸುತ್ತ ಗೆರೆ ಎಳೆದು, ಬಾಣ ಹಾಕಿ ಮೊದಲ ಪಟ್ಟಿಗೆ ಒಯ್ಯುತ್ತಾರೆ. ಹದಿನೇಳು ಶಾಸನಗಳ ಕೆಳಗಿನ 'ಬಳಗದ ಕಡತದಿಂದ' ಎಂಬುದನ್ನೂ ಒಂದೊಂದಾಗಿ ಹೊಡೆದು ಹಾಕಿ ನೋಣಯ್ಯನವರ ಹೆಸರು ಬರೆಯುತ್ತಾರೆ. ಬೇಕಿದ್ದರೆ ಈಗಲೇ ಕಾರಿನಲ್ಲಿ ಹೋಗಿ ಮಾತಾಡಿಸಿ ಬರುವ ಎನ್ನುತ್ತಾರೆ. ಉಮಾವತಿ ತಲೆ ಅಲ್ಲಾಡಿಸುತ್ತಾರೆ.

"ಹೋಗುವ, ನಾಡಿದ್ದು ಹೋಗುವ. ಮೊದಲು ಕಾಗದ ಹೋಗಲಿ. ಇಪ್ಪತ್ತಾರು ವರ್ಷ ಅವರು ಕೇಳಿದ್ದು ಬನ್ನಿ ಅಂತ ಅಲ್ಲ, ಒಂದು ಗೆರೆ ಬರೆಯಿರಿ ಅಂತ."

ಮೇಜಿನ ಖಾನೆಯಿಂದ ೧೯೯೯ರ ಆ ಪತ್ರ ಹೊರಗೆ ಬರುತ್ತದೆ. ಮಡಿಕೆಯ ಗೆರೆಗಳು ಹಳದಿಯಾಗಿವೆ. ಮೊದಲ ಸಾಲು ಓದಲು ನನಗೆ ಕೊಡುತ್ತಾರೆ: 'ನೋಣಯ್ಯನವರೇ, ನೀವು ತೀರಿಕೊಂಡದ್ದು ನನ್ನ ಕೈತಪ್ಪಿನಿಂದ.' ಹೊಸದಾಗಿ ಬರೆಯುವುದಿಲ್ಲವೇ ಎಂದರೆ ಬೇಡ ಎನ್ನುತ್ತಾರೆ. ಅದರ ಕೆಳಗೆ ಇವತ್ತಿನ ತಾರೀಕು ಹಾಕಿ ಒಂದೇ ಗೆರೆ ಸೇರಿಸುತ್ತಾರೆ: 'ನಿಮ್ಮ ಪತ್ರಗಳೆಲ್ಲ ತಲುಪಿವೆ.'

ಪತ್ರವನ್ನು ಲಕೋಟೆಗೆ ಹಾಕಿ, ಹೊಸ ವಿಳಾಸದ ಚೀಟಿಗೆ ಗೋಂದು ಸವರಿ, ಹಚ್ಚಿ, ಹೆಬ್ಬೆರಳಿನಿಂದ ಉಜ್ಜುತ್ತಾರೆ. ಒಮ್ಮೆ ಅಲ್ಲ, ನಾಲ್ಕು ಸಲ. ಒಂದೇ ಚೀಟಿ. ರಸ್ತೆಯ ತಿರುವಿನ ಕೆಂಪು ಡಬ್ಬಿಯವರೆಗೆ ಒಂದೇ ಕೊಡೆಯಲ್ಲಿ ನಡೆಯುತ್ತೇವೆ. ಉತ್ತರ ಬರಬೇಕು ಅಂತ ಆಸೆ ಉಂಟಾ ಎಂದು ಕೇಳುತ್ತೇನೆ.

"ಬಂದ್ರೆ ಬರಲಿ," ಎನ್ನುತ್ತಾರೆ. "ಹೆಸರಿನ ಮುಂದೆ ಆ ಒಂದು ಶಬ್ದ ಇಲ್ಲದೆ ಬರಲಿ. ಅಷ್ಟೇ."

ಡಬ್ಬಿಯ ಬಾಯಿಗೆ ಲಕೋಟೆ ಹಿಡಿದು ಅವರು ಹೆಸರು ಕೂಗುತ್ತಾರೆ. ಈ ಸಲ ಕೈ ಖಾಲಿ ಇಲ್ಲ. ಬೆರಳು ಬಿಡುತ್ತಾರೆ. ಒಳಗೆ, ಖಾಲಿ ಡಬ್ಬಿಯ ತಳಕ್ಕೆ ಕಾಗದ ಬಿದ್ದ ಸದ್ದು ಮಳೆಯ ನಡುವೆಯೂ ನಮ್ಮಿಬ್ಬರಿಗೂ ಕೇಳುತ್ತದೆ.